ಬಾಣಂತನಕ್ಕೆ ಬಂದವಳ ಮನೆ ಹುಡುಕಾಟ

ಏಪ್ರಿಲ್ 6, ಭಾನುವಾರ

ಯಾರದು ಈ ಪುಸ್ತಕ ಬಿಚ್ಚಿರುವುದು? ನಾಚಿಕೆ ಅನ್ನುವುದು ಇದೆಯೋ ಇಲ್ಲವೋ? ಮುದುಕಿಯ ಸೀರೆಗಳ ಅಡಿಯಿಂದ, ಎಲೆ ಅಡಿಕೆ ಚೀಲ ಸರಿಸಿ, ತಡಕಿ ತೆಗೆದಿದ್ದೀರಿ ಎಂದರೆ ನಿಮಗೆ ಮಾಡಲು ಬೇರೆ ಬದುಕಿಲ್ಲ ಎಂದಾಯಿತು. ಪ್ರಮೋದಾ, ನೀನಾದರೆ ಹೋಗಿ ಒಲೆಯ ಮೇಲಿನ ಹಾಲು ನೋಡು. ನಿನ್ನ ಕೈಯಲ್ಲಿ ಹಾಲು ಉಕ್ಕದ ದಿನವನ್ನು ಹೆತ್ತವಳಾದ ನಾನೇ ಕಂಡಿಲ್ಲ. ಸಿಂಚನಾ, ನೀನಾದರೆ ನಿನಗಿನ್ನೂ ಅಕ್ಷರ ಬಾರದು, ಆನೆ ಬರೆದು ಪುಟ ಹಾಳುಮಾಡದೆ ಇದ್ದಲ್ಲಿ ಇಡು. ಅಳಿಯಂದಿರಾದರೆ... ಇಲ್ಲ, ಅವರು ಅತ್ತೆಯ ಪೆಟ್ಟಿಗೆಗೆ ಕೈ ಹಾಕುವಂಥವರಲ್ಲ.

ಸಮೇತನಹಳ್ಳಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕೂತಿದ್ದೆ. ಒತ್ತಕ್ಷರ ಬೀಳಬೇಕಾದಲ್ಲಿ ಬೀಳುವುದಿಲ್ಲ. ಬೀಳದಿದ್ದರೆ ಹೋಗಲಿ, ಬರೆಯುವುದು ನನಗಾಗಿ. ಹೊಸಕೋಟೆಯ ಈ ಬಾಡಿಗೆ ಮನೆಯಲ್ಲಿ ಬಾಯಿಬಿಟ್ಟು ಬೈದರೆ ಕೆಳಗಿನ ಮನೆಯವರಿಗೆ ಪದಪದವೂ ಕೇಳುತ್ತದೆ. ಅದಕ್ಕೇ ಮಗು ಮಲಗಿದ ಮಧ್ಯಾಹ್ನ ಬೈಯುವುದನ್ನೆಲ್ಲ ಇಲ್ಲಿ ಬೈದಿಡುತ್ತೇನೆ.

ಇವತ್ತಿನ ಸುದ್ದಿ. ತಿಂಡಿ ತಿನ್ನುವಾಗ ಅಳಿಯಂದಿರು ಹೇಳಿದರು. ನನಗಲ್ಲ, ಸಿಂಚನಳಿಗೆ. ನಮ್ಮಲ್ಲಿ ಅತ್ತೆ ಅಳಿಯ ಎದುರುಬದುರು ಮಾತಾಡುವ ಪದ್ಧತಿಯಿಲ್ಲ. ನಾನು ಅವರ ಹೆಸರು ಹಿಡಿಯುವುದಿಲ್ಲ, ಅವರು ನನ್ನ ಮುಖ ನೋಡುವುದಿಲ್ಲ. ಮಗುವಿಗೆ ಮಾತು ಬರುವವರೆಗೆ ಇಬ್ಬರೂ ಗೋಡೆಗೆ ಹೇಳುತ್ತಿದ್ದೆವು. ಈಗ ಇವಳಿದ್ದಾಳೆ.

"ಸಿಂಚು, ಅಜ್ಜಿಗೆ ಹೇಳು, ನಮ್ಮ ಗೋಡೌನು ದೊಡ್ಡಬಳ್ಳಾಪುರಕ್ಕೆ ಹೋಗ್ತಿದೆ, ಸ್ಕೂಲು ಶುರುವಾಗೋದ್ರೊಳಗೆ ನಾವೂ ಆ ಕಡೆಗೆ ಮನೆ ಬದಲಾಯಿಸ್ಬೇಕು ಅಂತ."

ಮಗು ಇಡ್ಲಿ ಬಾಯಲ್ಲಿಟ್ಟುಕೊಂಡೇ ನನ್ನ ಕಡೆ ತಿರುಗಿ, "ಅಜ್ಜೀ, ನಾವು ಹೋಗ್ತೀವಂತೆ" ಎಂದಿತು.

"ಹೋಗಿ, ಸುಖವಾಗಿರಿ ಅಂತ ನಿಮ್ಮಪ್ಪನಿಗೆ ಹೇಳು" ಎಂದೆ.

ಹೇಳುವುದೇನು ಮತ್ತೆ? ನಾನು ಈ ಮನೆಯವಳಲ್ಲ. ಪ್ರಮೋದಾಳ ಬಾಣಂತನಕ್ಕೆ ಬಂದವಳು. ತವರಿನಲ್ಲೇ ಆಗಬೇಕಿತ್ತು ಬಾಣಂತನ. ಆದರೆ ಅದೇ ವರ್ಷ ನನ್ನ ಮಗ ಕೆಂಪರಾಜು ಹಂಚು ಇಳಿಸಿ ಮೋಲ್ಡ್ ಹಾಕಿಸಲು ಹೊರಟ. ಮೇಲೆ ಸೂರಿಲ್ಲದ ಮನೆಯಲ್ಲಿ ಬಾಣಂತಿಯನ್ನು ಎಲ್ಲಿ ಮಲಗಿಸುವುದು? ನಾನೇ ಇಲ್ಲಿಗೆ ಬಂದೆ. ಮೂರು ತಿಂಗಳಿಗೆ ಅಂತ ಬಂದೆ. ಆಮೇಲೆ ಮಗುವಿಗೆ ಹಲ್ಲು ಬಂತು, ನೆಗಡಿ ಬಂತು, ಪ್ರಮೋದಾ ಆಸ್ಪತ್ರೆಯಲ್ಲಿ ಜನರ ರಕ್ತ ತೆಗೆಯುವ ಕೆಲಸಕ್ಕೆ ವಾಪಸ್ಸು ಹೋದಳು. ಈಗ ಬಾಣಂತಿಯ ಮಗುವಿಗೆ ನಾಲ್ಕು ವರ್ಷ. ಇವರು ಮನೆ ಬದಲಾಯಿಸುವುದೂ ಒಳ್ಳೆಯದೇ ಆಯಿತು. ಅವರು ಆ ಕಡೆ, ನಾನು ಊರ ಕಡೆ. ಮಗಳ ಮನೆಯಲ್ಲಿ ಕೂತು ತಿನ್ನುತ್ತಾಳೆ ಅನ್ನುವ ಬಾಯಿಗಳೂ ಮುಚ್ಚುತ್ತವೆ.

ಮನೆ ನೋಡಲು ಮಾತ್ರ ಜೊತೆಗೆ ಹೋಗುತ್ತೇನೆ. ಈ ಗಂಡ ಹೆಂಡಿರಿಗೆ ಬಿಟ್ಟರೆ ನೆಲದ ಟೈಲ್ಸು ನೋಡಿ ಮುಂಗಡ ಕೊಟ್ಟು ಬರುತ್ತಾರೆ.

ಏಪ್ರಿಲ್ 13, ಭಾನುವಾರ

ಮೊದಲನೇ ಮನೆ. ದೇವನಹಳ್ಳಿ ಹತ್ತಿರ, ನಲ್ಲೂರಿನ ಕಡೆಗೆ. ಮುನಿರಾಜ್ ಅನ್ನುವ ಬ್ರೋಕರು ಕಾರಿನ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಾಯಿ ನಿಲ್ಲಿಸಲಿಲ್ಲ.

"ಜಯಕುಮಾರ್ ಸಾರ್, ಫುಲ್ ಗೇಟೆಡ್ ಸಾರ್. ಅಜ್ಜೀ, ಇಲ್ಲಿ ಒಂದು ಬೀದಿನಾಯಿ ಒಳಗೆ ಬರಲ್ಲ."

"ಮನುಷ್ಯರು?" ಎಂದೆ.

"ಅವರೂ ಅಷ್ಟು ಸುಲಭಕ್ಕೆ ಬರಲ್ಲ ಬಿಡಿ." ಹೆಮ್ಮೆಯಿಂದ ಹೇಳಿದ.

ಗೇಟಿನಲ್ಲಿ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿ ಫೋನಿನಲ್ಲಿ ಮುಖದ ಫೋಟೋ ಹಿಡಿದುಕೊಂಡ. ಮದುವೆಯಲ್ಲೂ ನನ್ನ ಮುಖವನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಳಗೆ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಮನೆಗಳು. ಕುಡಿದು ಬಂದ ಗಂಡಸು ಯಾರ ಮನೆಯಲ್ಲಿ ಬೇಕಾದರೂ ಊಟಕ್ಕೆ ಕೂರಬಹುದು. ಮಕ್ಕಳಿಗೆ ಅಂತ ಜಾರುಬಂಡೆ, ಉಯ್ಯಾಲೆ, ಕೆಳಗೆ ರಬ್ಬರಿನ ನೆಲ. ಮಕ್ಕಳು ಮಾತ್ರ ಇರಲಿಲ್ಲ. ಎಲ್ಲ ಕ್ಲಾಸಿಗೆ ಹೋಗಿದ್ದಾರಂತೆ. ಭಾನುವಾರ ಎಂಥ ಕ್ಲಾಸು ಎಂದರೆ, ಒಬ್ಬಳು ಆಯಾ ಫೋನಿನಿಂದ ಕಣ್ಣೆತ್ತದೆ, "ಆಟ ಕಲಿಸೋ ಕ್ಲಾಸು" ಎಂದಳು. ಸಿಂಚನ ಉಯ್ಯಾಲೆಯ ಮೇಲೆ ಒಬ್ಬಳೇ ಕೂತು ನನ್ನನ್ನೇ ನೋಡುತ್ತಿದ್ದಳು, ತಳ್ಳು ಅಂತ.

ಎಲ್ಲರೂ ನಲ್ಲಿ ತಿರುಗಿಸಿ ನೋಡುತ್ತಿರುವಾಗ ನಾನು ನನ್ನ ಕೆಲಸಕ್ಕೆ ಹೊರಟೆ. ಒಂದು ಬೀದಿ ಎಂಥದ್ದು ಅಂತ ತಿಳಿಯಬೇಕಾದರೆ ಪಕ್ಕದ ಮನೆಯಲ್ಲಿ ಒಂದು ಚಮಚ ಹೆಪ್ಪು ಕೇಳಬೇಕು. ಹೆಪ್ಪು ಕೇಳಿದರೆ ಬಾಗಿಲು ತೆರೆಯಲೇಬೇಕು, ಅಡಿಗೆಮನೆಗೆ ಹೋಗಿ ಬರಲೇಬೇಕು, ಅಷ್ಟು ಹೊತ್ತು ಮಾತಾಡಲೇಬೇಕು. ಅಷ್ಟರಲ್ಲಿ ಅವರ ಗುಣ, ಅವರ ಮೊಸರು ಎರಡೂ ಗೊತ್ತಾಗುತ್ತದೆ. ಚೀಲದಲ್ಲಿ ಸಣ್ಣ ಸ್ಟೀಲ್ ಡಬ್ಬಿ ಇಟ್ಟುಕೊಂಡೇ ಹೋಗಿದ್ದೆ.

ಬೆಲ್ ಒತ್ತಿದೆ. ಬಾಗಿಲು ಮಾತಾಡಿತು. "ಡೆಲಿವರೀನಾ? ಗೇಟಲ್ಲಿ ಬಿಡಿ."

"ನಾನಮ್ಮ, ಪಕ್ಕದ ಮನೆ ನೋಡೋಕೆ ಬಂದಿರೋರು. ಒಂಚೂರು ಹೆಪ್ಪು ಬೇಕಿತ್ತು."

"ಏನು ಬೇಕಿತ್ತು?"

"ಹೆಪ್ಪು. ಮೊಸರು. ಒಂದು ಚಮಚ."

"ಓ, ಕರ್ಡ್. ಆರ್ಡರ್ ಮಾಡ್ತೀನಿ ಆಂಟಿ, ಗೇಟಲ್ಲಿ ಕಲೆಕ್ಟ್ ಮಾಡ್ಕೊಳ್ಳಿ."

ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಮೊಸರಿನ ಪ್ಯಾಕೆಟ್ ಬಂತು, ಅದು ನಿಜ. ಒಳ್ಳೆಯ ಹೆಂಗಸೇ ಇರಬೇಕು. ಮುಖ ಹೇಗಿದೆಯೋ ನನಗೆ ಗೊತ್ತಿಲ್ಲ.

ವಾಪಸ್ಸು ಬರುವಾಗ ಮುನಿರಾಜ್, "ಎಷ್ಟು ಜನ ಇರ್ತೀರಾ ಸಾರ್? ಓನರ್‌ಗೆ ಹೇಳ್ಬೇಕು" ಎಂದ.

"ಮೂರು ಜನ" ಎಂದರು ಅಳಿಯಂದಿರು.

ಹಿಂದಿನ ಸೀಟಿನಲ್ಲಿ ನಾನು ಕೂತಿದ್ದೆ. ಲೆಕ್ಕ ಸರಿಯಾಗೇ ಇದೆ, ನಾನು ಹೇಳಿದ್ದೂ ಅದನ್ನೇ. ಮನೆಗೆ ಬಂದ ಮೇಲೆ ಕಿವಿ ನೋಯುತ್ತಿದೆ. ಕಾರಿನ ಎ.ಸಿ. ಗಾಳಿ ಹೊಡೆದದ್ದು.

ಏಪ್ರಿಲ್ 16, ಬುಧವಾರ

ಕೆಂಪರಾಜು ಫೋನು ಮಾಡಿದ್ದ. ಸುದ್ದಿ ಹೋಗಿ ಮುಟ್ಟಿದೆ.

"ಅವ್ವಾ, ಬಂದ್ಬಿಡು ಇನ್ನ. ನಿನ್ನ ರೂಮಲ್ಲಿ ಮೇವು ಕತ್ತರಿಸೋ ಮೆಷಿನ್ ಇಟ್ಟಿದೀನಿ. ಅದನ್ನ ಆಚೆಗೆ ಹಾಕಿಸ್ತೀನಿ."

"ಆಚೆಗೆ ಹಾಕಿದ್ರೆ ತುಕ್ಕು ಹಿಡಿಯಲ್ವೇನೋ?"

"ಹಿಡಿಯುತ್ತೆ. ಏನ್ಮಾಡೋದು, ಅವ್ವ ಮುಖ್ಯ ಅಲ್ವಾ?"

ಮೆಷಿನ್ನಿಗಿಂತ ಒಂದು ಕೈ ಮೇಲೆ ಇದ್ದೇನೆ ಅಂತ ತಿಳಿದು ಸಂತೋಷವಾಯಿತು. ಕೆಟ್ಟವನಲ್ಲ ನನ್ನ ಮಗ. ಸೊಸೆಯೂ ಕೆಟ್ಟವಳಲ್ಲ. ಅವರ ಎರಡು ಗಂಡುಮಕ್ಕಳು ಹೈಸ್ಕೂಲು, ನನ್ನನ್ನು ನೋಡಿದರೆ "ಚೆನ್ನಾಗಿದೀಯಾ ಅಜ್ಜಿ" ಎಂದು ಕೇಳಿ, ಉತ್ತರ ಬರುವ ಮೊದಲೇ ಬೈಕು ಸ್ಟಾರ್ಟ್ ಮಾಡುತ್ತಾರೆ.

ಏಪ್ರಿಲ್ 20, ಭಾನುವಾರ

ತ್ಯಾಮಗೊಂಡ್ಲು. ಅಳಿಯಂದಿರ ದೊಡ್ಡಪ್ಪ ಅಪ್ಪಯ್ಯಣ್ಣನವರು ತಮ್ಮ ಮಹಡಿ ಮನೆ ಖಾಲಿ ಇದೆ, ನಮ್ಮ ಹುಡುಗ ಬೇರೆಯವರ ಮನೆಯಲ್ಲಿ ಯಾಕಿರಬೇಕು ಎಂದು ಕರೆಸಿದರು. ಮಗುವಿಗೆ ನಮ್ಮ ಜನದ ನಡುವೆ ಬೆಳೆಯುವುದಕ್ಕಿಂತ ಬೇಕೇನು? ಹೋಗುವಾಗ ಕಾರಿನಲ್ಲಿ ನಾನೇ ಈ ಮಾತು ಹೇಳಿದೆ. ಸಿಂಚನಳಿಗೆ ಹೇಳಿದೆ, ಅವಳು ಅವರಪ್ಪನಿಗೆ ಹೇಳಿದಳು.

ಹೆಪ್ಪು ಕೇಳುವ ಪ್ರಮೇಯವೇ ಬರಲಿಲ್ಲ. ಅಪ್ಪಯ್ಯಣ್ಣನ ಹೆಂಡತಿ ಅಮ್ಮಯಮ್ಮ ಮೊಸರಿನ ಗಡಿಗೆಯನ್ನೇ ತಂದು ಎದುರಿಗಿಟ್ಟಳು. ಊಟ ಬಡಿಸುತ್ತಾ ಕೈ ಒಂದು ಕಡೆ, ಬಾಯಿ ಒಂದು ಕಡೆ.

"ಮುತ್ಯಾಲಮ್ಮಾ, ನಿಮಗೆ ಮಗ ಇದಾನಲ್ವಾ?"

"ಇದಾನೆ."

"ಜಮೀನು ಮನೆ ಎಲ್ಲ ಇದೆ ಅಂತಾರೆ."

"ಇದೆ."

"ಮತ್ತೆ ಅಳಿಯನ ಮನೇಲಿ...?" ಎಂದು ಅರ್ಧಕ್ಕೆ ನಿಲ್ಲಿಸಿ ಮುದ್ದೆಗೆ ತುಪ್ಪ ಹಾಕಿದಳು. "ಅಲ್ಲಮ್ಮ, ತಪ್ಪು ತಿಳೀಬೇಡಿ. ಜಯಕುಮಾರಂಗೂ ಎಷ್ಟು ದಿನ ಅಂತ ಕಷ್ಟ. ಪಾಪ, ಬಾಯಿಬಿಟ್ಟು ಹೇಳೋ ಹುಡುಗ ಅಲ್ಲ ಅವನು."

ಆಮೇಲೆ ಸಿಂಚನಳ ಗಲ್ಲ ಹಿಡಿದು, "ಏನೇ, ತಮ್ಮ ಯಾವಾಗ ಬರ್ತಾನೆ ನಿಂಗೆ? ಅಮ್ಮಂಗೆ ಕೇಳು. ಹೆಣ್ಣೊಂದೇ ಆದ್ರೆ ಆಯ್ತಾ?" ಎಂದಳು. ಮಗು ನನ್ನ ಸೆರಗಿನೊಳಗೆ ಹೊಕ್ಕು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಮನೆ ಚೆನ್ನಾಗಿದೆ. ಗಾಳಿ ಬೆಳಕು ಇದೆ, ತೆಂಗಿನ ತೋಟ ಕಾಣುತ್ತದೆ, ಬಾಡಿಗೆ ಬೇಡ ಎನ್ನುತ್ತಾರೆ. ಆದರೂ ಬೇಡ. ಮೊಸರು ಹುಳಿ. ಅಷ್ಟು ಹುಳಿ ಮೊಸರು ತಿಂದರೆ ಮಗುವಿಗೆ ಕೆಮ್ಮು ಬರುತ್ತದೆ ಎಂದು ಪ್ರಮೋದಾಳಿಗೆ ಖಂಡಿತವಾಗಿ ಹೇಳಿಬಿಟ್ಟೆ. "ಗೋಡೌನಿಗೆ ದೂರವೂ ಆಗುತ್ತೆ" ಎಂದಳು ಅವಳು. ಅದೂ ಹೌದು.

ಏಪ್ರಿಲ್ 24, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

ಗಂಡ ಹೆಂಡತಿ ಬಾಲ್ಕನಿಯಲ್ಲಿ ಮಾತಾಡುತ್ತಿದ್ದರು. ಸ್ಕೂಲಿನ ಪಕ್ಕದಲ್ಲೇ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ಜಾಗ ಇದೆಯಂತೆ. ಡೇಕೇರು. ಊಟ ಹಾಕಿ ಮಲಗಿಸುತ್ತಾರಂತೆ, ಕ್ಯಾಮೆರಾ ಇದೆಯಂತೆ.

ಒಳ್ಳೆಯದು. ನನಗೆ ಕ್ಯಾಮೆರಾ ಇಲ್ಲ.

ಮೇ 2, ಶುಕ್ರವಾರ

ಅಳಿಯಂದಿರು ಕೆಲಸ ಮುಗಿಸಿಕೊಂಡು ನಮ್ಮನ್ನು ನೇರವಾಗಿ ದೊಡ್ಡಬಳ್ಳಾಪುರಕ್ಕೆ ಕರೆಸಿಕೊಂಡರು. ಮುನಿರಾಜ್ ಹೊಸ ಮನೆ ತೋರಿಸಿದ. ಮನೆ ಅಂದರೆ ಮನೆ, ಅಷ್ಟೇ. ಹಳೇ ಬೀದಿ. ಮನೆಗೆ ಮನೆ ಅಂಟಿಕೊಂಡಿವೆ, ಮುಂದೆ ಜಗಲಿ, ಎರಡೂ ಕಡೆ ನೇಯುವವರು. ಪವರ್‌ಲೂಮು ಓಡುತ್ತಿದ್ದರೆ ನೆಲ ಸಣ್ಣಗೆ ನಡುಗುತ್ತದೆ. ಪ್ರಮೋದಾ ಕಿವಿ ಮುಚ್ಚಿಕೊಂಡಳು. "ಈ ಸದ್ದಲ್ಲಿ ಮಗು ಹೇಗಪ್ಪಾ ಮಲಗುತ್ತೆ?" ಅಳಿಯಂದಿರು ಏನೋ ಉತ್ತರ ಹೇಳಿದರು, ಅದು ಕೇಳಿಸಲಿಲ್ಲ. ಇಲ್ಲಿ ಸಂಸಾರ ಮಾಡಿದರೆ ಜಗಳಕ್ಕೆ ಸನ್ನೆ ಕಲಿಯಬೇಕು.

ಬೀದಿಯಲ್ಲಿ ಹುಡುಗರ ಹಿಂಡು. ಸಿಂಚನ ಯಾವತ್ತಿನಂತೆ ನನ್ನ ಸೀರೆ ಹಿಡಿದು ನಿಂತಿದ್ದಳು. ಎರಡು ಜಡೆ ಹಾಕಿದ ಒಂದು ಗಂಡುಬೀರಿ ಬಂದು, ಹೆಸರು ಗಿಸರು ಕೇಳದೆ, "ನೀನೇ ಕಳ್ಳ, ಬಾ" ಎಂದು ಕೈ ಹಿಡಿದು ಎಳೆದುಕೊಂಡು ಹೋಯಿತು. ನಾನು ಬಿಡಿಸಿಕೊಳ್ಳಲು ಹೋಗುವಷ್ಟರಲ್ಲಿ ನಮ್ಮ ಕಳ್ಳ ಬೀದಿಯ ತುದಿ ಮುಟ್ಟಿದ್ದಳು.

ನಾನು ಡಬ್ಬಿ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ನನ್ನ ವಯಸ್ಸಿನ ಹೆಂಗಸೇ, ಅಶ್ವತ್ಥಮ್ಮ ಎಂದು ಯಾರೋ ಕೂಗುತ್ತಿದ್ದರು. ಹೆಪ್ಪು ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ಕೊಡಲ್ಲ."

ಅಷ್ಟೇ. ಇಲ್ಲ ಅಂತಲೂ ಅನ್ನಲಿಲ್ಲ, ಕೊಡಲ್ಲ! ನಾನು ನಿಂತಿರುತ್ತೇನೆಯೇ? ತಿರುಗಿ ಬಂದೆ.

ಏನು ಕೊಬ್ಬು, ಏನು ಕೊಬ್ಬು. ಒಂದು ಚಮಚ ಮೊಸರಿಗೆ ಇವಳ ಮಗ್ಗ ನಿಂತುಹೋಗುತ್ತಿತ್ತೇ? ಮನೆಯೊಳಗೆ ದೇವರ ಮುಂದೆ ದೀಪ ಬೇರೆ ಉರಿಯುತ್ತಿದೆ, ಕುಂಕುಮ ನೋಡಿದರೆ ಅಂಗೈಯಗಲ. ಭಕ್ತಿಗೇನೂ ಕಡಿಮೆಯಿಲ್ಲ. ಇಂಥ ಬೀದಿಯಲ್ಲಿ ಮಗು ಬಿದ್ದು ಮಂಡಿ ಒಡೆದುಕೊಂಡರೆ ಯಾರು ಎತ್ತುತ್ತಾರೆ? ಬೆಂಕಿ ಬಿದ್ದರೆ ನೀರು ಕೇಳಿದರೂ "ಈಗ ಕೊಡಲ್ಲ" ಅನ್ನುತ್ತಾಳೆ. ಪ್ರಮೋದಾಳಿಗೆ ಹೇಳಿಬಿಟ್ಟೆ, ಈ ಬೀದಿಗೆ ನನ್ನ ಮೊಮ್ಮಗಳ ಕಾಲಿಡಿಸಬೇಡ ಅಂತ. ಅವಳಿಗೂ ಸದ್ದಿನ ಮೇಲೆ ಸಿಟ್ಟು ಇತ್ತು, ಒಪ್ಪಿದಳು. ಸಿಂಚನ ಮಾತ್ರ ಕಾರಿನಲ್ಲಿ ಅಳುತ್ತಾ ಬಂದಳು, ಕಳ್ಳನ ಆಟ ಮುಗಿದಿರಲಿಲ್ಲವಂತೆ.

ಭಾನುವಾರ ಕಳೆದು ಮುಂದಿನ ಭಾನುವಾರ ಗೇಟಿನ ಮನೆಗೆ ಮುಂಗಡ ಕೊಡುವುದು ಎಂದಾಗಿದೆ.

ಮೇ 6, ಮಂಗಳವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಸಂಜೆ ದೀಪ ಹಚ್ಚಿ ಕೈಮುಗಿಯುತ್ತಿರುವಾಗ ಕೆಳಗಿನ ಮನೆಯ ಚೈತ್ರ ಮೆಟ್ಟಿಲು ಹತ್ತಿ ಬಂದಳು. ಹೊಸದಾಗಿ ಮದುವೆಯಾದ ಹುಡುಗಿ, ಕೈಯಲ್ಲಿ ಲೋಟ.

"ಅಜ್ಜೀ, ಒಂದು ಸ್ಪೂನ್ ಹೆಪ್ಪು ಕೊಡ್ತೀರಾ? ನಮ್ದು ಖಾಲಿ."

"ದೀಪ ಹಚ್ಚಿ ಆಯ್ತಲ್ಲಮ್ಮ. ಈ ಹೊತ್ನಲ್ಲಿ ಯಾರಾದ್ರೂ ಮನೆಯಿಂದ ಹೆಪ್ಪು ಆಚೆಗೆ ಕೊಡ್ತಾರಾ? ನಿಮ್ಮತ್ತೆ ಏನೂ ಹೇಳಿಕೊಟ್ಟಿಲ್ವಾ? ಮಂಗಳವಾರ ಬೇರೆ. ಬೆಳಿಗ್ಗೆ ಬಾ, ಕೊಡ್ತೀನಿ" ಎಂದು ಬಾಗಿಲು ಮುಂದಕ್ಕೆ ತಳ್ಳಿದೆ.

ಚಿಲಕದ ಮೇಲೆ ಕೈಯಿಟ್ಟವಳು ಹಾಗೇ ನಿಂತೆ.

ಅವತ್ತು ಶುಕ್ರವಾರ. ದೀಪ ಹಚ್ಚಿದ ಹೊತ್ತು. ಆ ದೀಪವನ್ನು ನಾನೇ ಕಣ್ಣಾರೆ ನೋಡಿ, ಅದರ ಮೇಲೂ ಒಂದು ಕೊಂಕು ಬರೆದಿದ್ದೇನೆ. ಮುತ್ಯಾಲಮ್ಮ, ನಿನಗೆ ಬುದ್ಧಿ ಇದೆಯೇ ಎಂದು ಕೇಳಿಕೊಂಡೆ. ಇದೆ, ಆದರೆ ಅವತ್ತು ದೊಡ್ಡಬಳ್ಳಾಪುರಕ್ಕೆ ಜೊತೆಯಲ್ಲಿ ಬಂದಿರಲಿಲ್ಲ. ಇಷ್ಟು ಸೀಮೆ ಸುತ್ತಿದ್ದರಲ್ಲಿ ನಮ್ಮ ಮನೆಯ ರೀತಿ ಇಟ್ಟುಕೊಂಡ ಹೆಂಗಸು ಅವಳೊಬ್ಬಳೇ, ಅವಳಿಗೇ ಬೆನ್ನು ತಿರುಗಿಸಿ ಬಂದೆ.

ಇದನ್ನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಪ್ರಮೋದಾ ಜನ್ಮಪೂರ್ತಿ ನಗುತ್ತಾಳೆ.

ಮೇ 8, ಗುರುವಾರ

ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಸಿಂಚನಳನ್ನು ಎತ್ತಿಕೊಂಡು ದೇವನಹಳ್ಳಿ ಬಸ್ಸು ಹತ್ತಿದೆ, ಅಲ್ಲಿಂದ ಇನ್ನೊಂದು ಬಸ್ಸು. ಮಗುವಿಗೆ ದಾರಿಯಲ್ಲಿ ಕಡಲೆಕಾಯಿ ಕೊಡಿಸಿ, ಇದು ನಮ್ಮಿಬ್ಬರ ಗುಟ್ಟು ಎಂದು ಆಣೆ ಹಾಕಿಸಿದ್ದೇನೆ.

ಅಶ್ವತ್ಥಮ್ಮ ಜಗಲಿಯ ಮೇಲೆ ನೂಲು ಸುತ್ತುತ್ತಾ ಕೂತಿದ್ದಳು.

"ಅವತ್ತು ಸಾಯಂಕಾಲ ಬಂದೋರು ನೀವೇ ಅಲ್ವಾ? ಬೆಳಿಗ್ಗೆ ಬನ್ನಿ ಅನ್ನೋಷ್ಟರಲ್ಲಿ ಅಷ್ಟು ದೂರ ಹೋಗಿದ್ರಿ. ಕಾಲಿಗೇನು ಚಕ್ರ ಕಟ್ಕೊಂಡಿದೀರಾ?"

"ಹೊತ್ತಾಗಿತ್ತು."

"ಶುಕ್ರವಾರ ದೀಪ ಹಚ್ಚಿದ ಮೇಲೆ ಹೆಪ್ಪು ಕೇಳ್ತಾರಾ? ನೋಡಿದ್ರೆ ಹಿರೀಕರ ಥರ ಇದೀರಾ."

"ಕೊಡ್ತೀರೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ" ಎಂದೆ. ಬಾಯಿಗೆ ಬಂದದ್ದು ಹಾಗೆ.

ನೂಲು ಬಿಟ್ಟು ನನ್ನ ಮುಖ ನೋಡಿದಳು. ನಂಬಲಿಲ್ಲ, ಪುಣ್ಯಾತ್ಗಿತ್ತಿ. "ಪಾಸಾದ್ನಾ?"

"ಆದ್ರಿ. ನೋಡಿದ ನೋಟಕ್ಕೆ ಒಂದೆರಡು ಮಾರ್ಕು ಕಟ್."

ಆಗ ನಕ್ಕಳು. ಹಲ್ಲು ನನಗಿಂತ ಕಡಿಮೆ ಇವೆ. ಒಳಗೆ ಹೋಗಿ ಹೆಪ್ಪು ತಂದುಕೊಟ್ಟಳು, ಮಗುವಿನ ಅಂಗೈಗೆ ಒಂದು ಚೂರು ಬೆಲ್ಲ ಇಟ್ಟಳು. ಮಗ್ಗ ಯಾವಾಗ ನಿಲ್ಲುತ್ತದೆ ಎಂದು ಕೇಳಿದೆ. ರಾತ್ರಿ ನಿಲ್ಲಿಸುತ್ತಾರಂತೆ, ಕರೆಂಟು ಹೋದಾಗ ತಾನಾಗಿ ನಿಲ್ಲುತ್ತದಂತೆ. "ನಿಂತ್ರೆ ನಮ್ಮ ಬೀದಿ ಕೂಸುಗಳೆಲ್ಲ ಎದ್ದು ಅಳ್ತವೆ" ಎಂದಳು. ನಾನು ಸುಳ್ಳು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ನಮ್ಮ ಸಿಂಚನ, ಫ್ಯಾನು ಕಿರ್ ಎಂದರೂ ಏಳುವವಳು, ಅವಳ ಜಗಲಿಯ ಮೇಲೆ ಬೆಲ್ಲದ ಕೈ ಬಾಯಲ್ಲಿಟ್ಟುಕೊಂಡು ಮಲಗಿದ್ದಾಳೆ. ಒಳಗೆ ಮಗ್ಗ ದಡಬಡ ಅನ್ನುತ್ತಿದೆ.

"ನೀವೂ ಇಲ್ಲೇ ಇರ್ತೀರಾ ತಾನೆ?" ಎಂದು ಕೇಳಿದಳು.

"ಇಲ್ಲಮ್ಮ. ನಾನು ಬಾಣಂತನಕ್ಕೆ ಬಂದೋಳು."

"ಯಾರ ಬಾಣಂತನ?"

ಮಲಗಿದ್ದ ಮಗುವನ್ನು ತೋರಿಸಿದೆ. ಅಶ್ವತ್ಥಮ್ಮ ಅದರ ಉದ್ದವನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ಭಾರೀ ಬಾಣಂತನ ಬಿಡಿ" ಎಂದಳು.

ಮೇ 11, ಭಾನುವಾರ

ಇವತ್ತು ಗೇಟಿನ ಮನೆಗೆ ಮುಂಗಡ ಕೊಡುವ ದಿನ. ತಿಂಡಿಯ ಹೊತ್ತಿಗೆ ಶುರು ಮಾಡಿದೆ.

"ಸಿಂಚು, ನಿಮ್ಮಪ್ಪನಿಗೆ ಹೇಳು, ಆ ಗೇಟಿನ ಮನೆ ಬೇಡ, ಸೊಳ್ಳೆ ಜಾಸ್ತಿ, ಮಗ್ಗದ ಬೀದಿಯದೇ ಇರಲಿ ಅಂತ."

"ದೊಡ್ಡಬಳ್ಳಾಪುರದಲ್ಲಿ ಸೊಳ್ಳೆ ಇಲ್ವಂತಾ ಕೇಳು ಅಜ್ಜೀನ."

"ಮಗ್ಗದ ಸದ್ದಿಗೆ ಓಡಿಹೋಗ್ತವೆ ಅಂತ ಹೇಳು."

"ಮೊನ್ನೆ ಅಜ್ಜಿಯೇ ಬೇಡ ಅಂದ್ರು ಅಂತ ಜ್ಞಾಪಿಸು."

"ಮೊನ್ನೆ ತಲೆನೋವಿತ್ತು ಅಂತ ಹೇಳು."

ಮಗು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ದೋಸೆ ಬಿಟ್ಟಿತು. ಪ್ರಮೋದಾ ಸದ್ದಿನ ಮಾತು ಎತ್ತಿದಳು. "ಸದ್ದಲ್ಲಿ ನಾನು ಮಲಕ್ಕೊಂಡಿದ್ದೆ ಅಮ್ಮಾ, ಬೆಲ್ಲ ತಿಂದು" ಎಂದಿತು ಮಗು. ಹೋಯಿತು ಆಣೆ, ಹೋಯಿತು ಗುಟ್ಟು. ಕಡಲೆಕಾಯಿ ದಂಡ.

ಪ್ರಮೋದಾ ಬೈದಳು. ಹೇಳದೆ ಕೇಳದೆ ಮಗುವನ್ನು ಎರಡು ಬಸ್ಸು ಹತ್ತಿಸಿದ್ದಕ್ಕೆ ಬೈದಳು, ಬೈಯಲಿ. ಅಳಿಯಂದಿರು ಕಾರಿನ ಕೀ ತೆಗೆದುಕೊಂಡರು. ಎಲ್ಲರೂ ಹೋದೆವು. ಎರಡು ಜಡೆಯ ಗಂಡುಬೀರಿ ದೂರದಿಂದಲೇ "ಕಳ್ಳ ಬಂದ್ಲು" ಎಂದು ಕೂಗಿತು. ಮಧ್ಯಾಹ್ನದ ಹೊತ್ತಿಗೆ ಮುಂಗಡ ಕೊಟ್ಟಾಯಿತು. ಒಂದನೇ ತಾರೀಕಿಗೆ ಹಾಲು ಉಕ್ಕಿಸುವುದು. ಅದಕ್ಕೆ ಪ್ರಮೋದಾಳಿಗಿಂತ ಸರಿಯಾದವರು ಸಿಗುವುದಿಲ್ಲ.

ನಮ್ಮ ಮನೆಯ ಅಡಿಗೆಮನೆಗೆ ಕಿಟಕಿ ಚಿಕ್ಕದು. ಜಗಲಿಗೆ ಸಗಣಿ ಸಾರಿಸುವ ಹಾಗಿಲ್ಲ, ಸಿಮೆಂಟು. ನೀರಿನ ತೊಟ್ಟಿಯನ್ನು ನಾನು ಅಲ್ಲಿಗೆ ಹೋದ ದಿನವೇ ಉಜ್ಜಬೇಕು, ಪಾಚಿ ಕಟ್ಟಿದೆ.

ಓನರಿಗೆ ಎಷ್ಟು ಜನ ಅಂತ ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಬೇಕೆಂದೇ ಆಚೆ ಹೋಗಿ ನಿಂತೆ.

ಮೇ 19, ಸೋಮವಾರ

ಪಾತ್ರೆ ಕಟ್ಟುತ್ತಿದ್ದೇವೆ. ನನ್ನ ಸೀರೆಗಳನ್ನು ಯಾವ ಡಬ್ಬಕ್ಕೆ ಹಾಕುವುದು ಎಂದು ಪ್ರಮೋದಾ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೊನೆಗೆ ನಾನೇ, "ಅಳಿಯಂದಿರಿಗೆ ನಾನು ಇದ್ದಷ್ಟೂ ಭಾರ ಆಯ್ತು ಅಲ್ವೇನೇ?" ಎಂದೆ.

ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು. "ಹುಚ್ಚು ಹಿಡಿದಿದೆಯಾ ನಿಂಗೆ? ಅಣ್ಣ ಗಟ್ಟಿಮುಟ್ಟಾಗಿ ಇರೋವಾಗ ಇವರು ಹೇಗಮ್ಮ ನಿನ್ನನ್ನ ಇಲ್ಲೇ ಇರಿ ಅಂತಾರೆ? ಅಣ್ಣಂಗೆ ಅವಮಾನ ಆಗಲ್ವಾ? ನಿನ್ನ ಮಗ ಸಾಕಲ್ಲ, ನಾನು ಸಾಕ್ತೀನಿ ಅಂದ ಹಾಗೆ ಆಗುತ್ತೆ. ಅದಕ್ಕೇ ಬಾಯಿ ಮುಚ್ಕೊಂಡಿದಾರೆ."

"ಡೇಕೇರು?"

"ನೀನು ಹೋದ್ರೆ ಮಗೂನ ಬೀದೀಲಿ ಬಿಡ್ಲಾ?"

"ನಾನು ಹೋಗ್ತೀನಿ ಅಂತ ಯಾರು ಹೇಳಿದ್ದು?"

"ನೀನೇ! ನಾಲ್ಕು ವರ್ಷದಿಂದ ದಿನಾ ಹೇಳ್ತಿದೀಯಲ್ಲ, ಬಾಣಂತನಕ್ಕೆ ಬಂದೋಳು, ಬಾಣಂತನಕ್ಕೆ ಬಂದೋಳು ಅಂತ!"

ಹೇಳುತ್ತೇವಪ್ಪ. ಮಾನ ಇರುವವರು ಹಾಗೆ ಹೇಳುತ್ತಾರೆ. ಹೇಳಿದ್ದನ್ನೆಲ್ಲ ನಂಬುತ್ತಾರೆಯೇ?

ಮೇ 25, ಭಾನುವಾರ

ಕೆಂಪರಾಜು ಬಂದಿದ್ದ. ಮೇವಿನ ಮೆಷಿನ್ ಆಚೆಗೆ ಹಾಕಿಸಿದ್ದಾನಂತೆ, ಗೋಡೆಗೆ ಬಣ್ಣವನ್ನೂ ಹೊಡೆಸಿದ್ದಾನಂತೆ.

ಇಬ್ಬರು ಗಂಡಸರು ಎದುರುಬದುರು ಕೂತರು. ನಾನು ಅಡಿಗೆಮನೆಯ ಬಾಗಿಲಲ್ಲಿ.

"ಅವ್ವ ಎಲ್ಲಿದ್ರೂ ಒಂದೇ, ಭಾವ" ಎಂದ ನನ್ನ ಮಗ. "ಅವ್ವನ ಇಷ್ಟ."

"ಹೌದು ಭಾವ, ಅವರಿಷ್ಟ" ಎಂದರು ಅಳಿಯಂದಿರು.

"ನಮಗೇನೂ ತೊಂದರೆ ಇಲ್ಲ."

"ನಮಗೂ ಏನೂ ಇಲ್ಲ."

ಬಸ್ಸಿನ ಬಾಗಿಲಲ್ಲಿ ನಿಂತು ನೀವು ಹತ್ತಿ, ನೀವು ಹತ್ತಿ ಎಂದು ಮರ್ಯಾದೆ ಮಾಡುತ್ತಾ ಇಬ್ಬರೂ ಬಸ್ಸು ತಪ್ಪಿಸಿಕೊಳ್ಳುವವರ ಹಾಗೆ. ನಾನು ಆ ಬಸ್ಸು. ಕಾಫಿ ಕೊಟ್ಟೆ. ಇಬ್ಬರೂ ಲೋಟದ ತಳ ಕಾಣುವವರೆಗೆ ಕುಡಿದರು. ಫ್ಯಾನು ತಿರುಗುತ್ತಿತ್ತು.

ಆಗ ಅಳಿಯಂದಿರು ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. "ಸಿಂಚು, ಇಲ್ಲಿ ಬಾ. ಅಜ್ಜಿಗೆ ಹೇಳು..."

ಮಗು ತನ್ನ ಆಟದ ಸಾಮಾನುಗಳನ್ನು ಬಕೆಟ್ಟಿಗೆ ತುಂಬುತ್ತಾ ಕೂತಿತ್ತು. ಎರಡು ಜಡೆಯವಳಿಗೆ ತೋರಿಸಬೇಕಂತೆ.

"ಹೋಗಪ್ಪ, ನಾನು ಹೇಳಲ್ಲ. ನಂಗೆ ಕೆಲಸ ಇದೆ. ನೀವೇ ಮಾತಾಡ್ಕೊಳ್ಳಿ, ನಿಮಗೆ ಬಾಯಿಲ್ವಾ?"

ಕೆಂಪರಾಜು ಹೋ ಎಂದು ನಕ್ಕ. ಅಳಿಯಂದಿರೂ ನಕ್ಕರು, ಕಿವಿಯವರೆಗೂ ಕೆಂಪಾದರು, ಖಾಲಿ ಲೋಟ ಎತ್ತಿಕೊಂಡು ಇಲ್ಲದ ಕಾಫಿ ಕುಡಿದರು. ಮಾತು ಮಳೆಗೆ, ರಾಗಿಗೆ ಹೋಯಿತು. ಯೋಚನೆ ಮಾಡಿ ಫೋನು ಮಾಡು ಅವ್ವ ಎಂದು ಹೇಳಿ ನನ್ನ ಮಗ ಹೊರಟ.

ಮೇ 28, ಬುಧವಾರ

ಮೂರು ದಿನದಿಂದ ಕಾಯುತ್ತಿದ್ದೇನೆ. ಅಳಿಯಂದಿರು ಬರುತ್ತಾರೆ, ಊಟ ಮಾಡುತ್ತಾರೆ, ಡಬ್ಬಗಳಿಗೆ ಟೇಪು ಅಂಟಿಸುತ್ತಾರೆ, ನನ್ನನ್ನು ಕಂಡರೆ ಇನ್ನೂ ಗಟ್ಟಿಯಾಗಿ ಟೇಪು ಎಳೆಯುತ್ತಾರೆ. ಮಗು ಮಾತು ಮುಟ್ಟಿಸುವ ಕೆಲಸ ಬಿಟ್ಟುಬಿಟ್ಟಿದೆ. ಇನ್ನು ನನಗೆ ಉಳಿದಿರುವುದು ಇದೊಂದು ದಾರಿ. ಈ ಹಾಳೆ ಹರಿದು ಅವರ ಊಟದ ಡಬ್ಬಿಯ ಕೆಳಗೆ ಇಡುತ್ತೇನೆ.

ಜಯಕುಮಾರಾ,

ಹೆಸರು ಹಿಡಿದು ಕರೆದಿದ್ದೇನೆ. ಸುಧಾರಿಸಿಕೋ.

ಊರಿಗೆ ಬರಲ್ಲ ಎಂದು ಕೆಂಪರಾಜುವಿಗೆ ನಾನೇ ಬೆಳಿಗ್ಗೆ ಫೋನು ಮಾಡಿ ಹೇಳಿದ್ದೇನೆ. ನನ್ನ ಮಗನ ಮಾನ ನಾನು ನೋಡಿಕೊಂಡಿದ್ದೇನೆ, ಅದರ ಚಿಂತೆ ನಿನಗೆ ಬೇಡ. "ಸರಿ ಅವ್ವ, ಬಣ್ಣ ಹೊಡೆದ ಖರ್ಚು ದಂಡ" ಎಂದ. ಆಮೇಲೆ, "ಹಬ್ಬಕ್ಕಾದ್ರೂ ಬಾ" ಎಂದ. ಹೋಗುತ್ತೇನೆ. ಆದರೆ ಊರು ಬೇಡ ಎಂದೆನೇ ಹೊರತು, ನಿನ್ನ ಮನೆಗೆ ಬರುತ್ತೇನೆ ಎಂದು ನಾನು ಯಾರಿಗೂ ಹೇಳಿಲ್ಲ. ಕರೆಯದ ಮನೆಗೆ ನಾನು ಹೋಗುವವಳಲ್ಲ. ಸದ್ಯಕ್ಕೆ ನನಗೆ ಊರೂ ಇಲ್ಲ, ಮನೆಯೂ ಇಲ್ಲ. ಸೀರೆಗಳು ಮಂಚದ ಮೇಲೆ ಬಿದ್ದಿವೆ.

ಭಾನುವಾರ ನೀನು "ಅಜ್ಜಿಗೆ ಹೇಳು" ಎಂದು ಬಾಯಿ ತೆರೆದೆಯಲ್ಲ, ಅದರ ಮುಂದಿನ ಮಾತು ಏನು? ಕಾಫಿಗೆ ಸಕ್ಕರೆ ಕಡಿಮೆ ಎಂದೇ? ಬಸ್ಸು ಚಾರ್ಜಿಗೆ ಚಿಲ್ಲರೆ ಇದೆಯೇ ಎಂದೇ? ಏನಿದ್ದರೂ ಸರಿ. ಮಗುವಿನ ಕೈಯಲ್ಲಿ ಹೇಳಿಸಬೇಡ, ಹೆಂಡತಿಯ ಕೈಯಲ್ಲಿ ಹೇಳಿಸಬೇಡ, ಟೇಪಿನ ಕೈಯಲ್ಲಂತೂ ಬೇಡವೇ ಬೇಡ. ನನ್ನ ಎದುರಿಗೆ ಬಂದು ನಿಂತು, ಮುಖ ನೋಡಿ, ಬಾಯಿಬಿಟ್ಟು ಹೇಳು. ಶನಿವಾರಕ್ಕೆ ಈ ತಿಂಗಳು ಮುಗಿಯುತ್ತದೆ, ಮಾರನೇ ದಿನ ಆ ಮನೆಯಲ್ಲಿ ಹಾಲು ಉಕ್ಕಿಸುವುದು. ಅಷ್ಟರೊಳಗೆ ಹೇಳು.